ಯಾರದೆಂದು ಕೇಳಲಾಗದ ಹೇಸರಗತ್ತೆ

ಶವಸಂಸ್ಕಾರ ಮುಗಿದು, ನೆಂಟರ ಕೊನೆಯ ಕಾರೂ ದೂಳೆಬ್ಬಿಸಿಕೊಂಡು ಹೋದ ಮೇಲಿನ ಮೊದಲ ಮಾಮೂಲು ಬೆಳಿಗ್ಗೆ ಟ್ರೀನಾ ಕೊವಾಂಡ ಕುದುರೆಗಳಿಗೆ ಹುಲ್ಲು ಹಾಕಲು ಹೋದಳು. ಕುದುರೆಗಳು ಎರಡಿರಬೇಕಿತ್ತು. ಎರಡಿದ್ದವು. ಅವುಗಳ ನಡುವೆ ಒಂದು ಹೇಸರಗತ್ತೆಯೂ ಇತ್ತು.

ಟ್ರೀನಾ ಕಣ್ಣುಜ್ಜಿಕೊಳ್ಳಲಿಲ್ಲ. ಗಂಡ ರಸ್ ಸತ್ತಾಗಿನಿಂದ ಅವಳಿಗೆ ಯಾವುದೂ ಆಶ್ಚರ್ಯವೆನಿಸುತ್ತಿರಲಿಲ್ಲ. ಹೇಸರಗತ್ತೆ ಬೂದು ಬಣ್ಣದ್ದು. ಉದ್ದ ಕಿವಿ, ನಿವೃತ್ತಿಗೆ ಹತ್ತಿರವಾದ ಗುಮಾಸ್ತನ ಮುಖ. ತನ್ನ ಪಾಲಿನ ಹುಲ್ಲೆಲ್ಲಿ ಎಂದು ಅದು ಅವಳತ್ತ ನೋಡಿತು. ಅವಳು ಹಾಕಿದಳು. ಒಳಗೆ ಹೋಗಿ ಕಾಫಿ ಕುಡಿದಳು. ಲೋಟ ತೊಳೆದಿಡುವ ಹೊತ್ತಿಗೆ, ಆ ಪ್ರಾಣಿ ತಮ್ಮದಲ್ಲ ಎಂಬ ಸಂಗತಿ ಅವಳ ತಲೆಗೆ ಸರಿಯಾಗಿ ಇಳಿಯಿತು.

ಕುದುರೆಗಳೆಲ್ಲ ರಸ್‌ನ ಖಾತೆ. ಟ್ರೀನಾ ಕಾಲೇಜಿನಲ್ಲಿ ಮಣ್ಣಿನ ವಿಜ್ಞಾನ ಪಾಠ ಮಾಡುವವಳು. ಮಣ್ಣು ಒದೆಯುವುದಿಲ್ಲ, ಓಡುವುದಿಲ್ಲ ಎಂಬುದೇ ಅವಳು ಅದನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣವೆಂದು ರಸ್ ಹೇಳುತ್ತಿದ್ದ. ಈ ವಾರವೆಲ್ಲ ಪ್ರಾಣಿಗಳನ್ನು ನೋಡಿಕೊಂಡವನು ರಸ್‌ನ ಅಣ್ಣ ಮಿಲೋ. ಮಿಲೋ ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೂರುತ್ತಿದ್ದ. ಕುದುರೆಯವನಿಗೆ ಇರಬೇಕಾದ ಟೋಪಿ, ಇರಬೇಕಾದ ಬೂಟು, ಬಸಿಯಷ್ಟು ಅಗಲದ ಬೆಲ್ಟಿನ ಬಿಲ್ಲೆ, ಎಲ್ಲವೂ ಅವನಲ್ಲಿದ್ದವು. ಕುದುರೆಯೊಂದು ಇರಲಿಲ್ಲ. ಟ್ರೀನಾ ಅವನಿಗೆ ಫೋನ್ ಮಾಡಿದಳು.

"ಮಿಲೋ, ಬೇಲಿಯೊಳಗೆ ಒಂದು ಹೇಸರಗತ್ತೆ ಇದೆ."

"ಇದೆಯಲ್ಲ," ಎಂದ ಮಿಲೋ, ಹುಷಾರಾಗಿ.

"ನೀನು ನೋಡಿದ್ಯಾ?"

"ನೋಡದೆ ಏನು! ದಿನಾ ಹುಲ್ಲು ಹಾಕಿದ್ದು ಯಾರು? ಒಂದೊಂದನ್ನೂ ಮುಟ್ಟಿ ನೋಡಿದೀನಿ. ಕಾಲು, ಗೊರಸು, ಹಲ್ಲು."

"ಹಾಗಾದ್ರೆ ಇದು ಯಾವಾಗ ಬಂತು?"

ಮಿಲೋ ದಿನವೂ ಸಂಜೆ ಗಾಡಿಯಿಂದ ಇಳಿಯದೆಯೇ ಬೇಲಿಯಾಚೆ ಹುಲ್ಲೆಸೆದು, ಕಿಟಕಿಯ ಗಾಜು ಏರಿಸಿಕೊಂಡು ಹೋಗಿದ್ದ. ಮೊದಲೇ ಇತ್ತು ಎಂದರೆ, ಮತ್ತೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಈಗ ಬಂತು ಎಂದರೆ ಯಾರಿಗೂ ನಷ್ಟವಿಲ್ಲ.

"ಮಣ್ಣು ಮಾಡಿದ ದಿನ," ಎಂದ ಗಟ್ಟಿಯಾಗಿ. "ಅದರ ಹಿಂದಿನ ದಿನ ಇರಲಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

ಮುಂದೆ ನಡೆದ ಅನಾಹುತಕ್ಕೆಲ್ಲ ಈ ಆಣೆಯೇ ಬುನಾದಿ.

ಅಮೆರಿಕದ ನೆಬ್ರಾಸ್ಕಾದ ಆ ಹುಲ್ಲುಬಯಲ ಸೀಮೆಯಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ತಂದದ್ದನ್ನು ಕೈಗೆ ಕೊಟ್ಟು ಮಾತನಾಡಿಸುವುದೂ ಇಲ್ಲ. ಜಗಲಿಯಲ್ಲಿಟ್ಟು, ಬಾಗಿಲಿನತ್ತ ಒಮ್ಮೆ ತಲೆಯಾಡಿಸಿ ಹೋಗಿಬಿಡುತ್ತಾರೆ. ಮಣ್ಣು ಮಾಡಿದ ದಿನ ಟ್ರೀನಾಳ ಜಗಲಿಯಲ್ಲಿ ಹಂದಿತೊಡೆ, ಗಸಗಸೆ ತುಂಬಿದ ಕೊಲಾಚೆ ಬನ್ನು, ಜೆಲ್ಲೊ ಎಂಬ ಹಸಿರು ಬಣ್ಣದ ಅಲುಗಾಡುವ ಸಿಹಿ, ಮತ್ತು ಸಾವಿನ ಮನೆಗೆಂದೇ ಮೀಸಲಾದ ಚೀಸು-ಆಲೂಗಡ್ಡೆ, ತಟ್ಟೆಯ ಮೇಲೆ ತಟ್ಟೆ ಸೇರಿದ್ದವು. ಆವತ್ತೇ ಹೇಸರಗತ್ತೆಯೂ ಬಂತು ಎಂದ ಮೇಲೆ ಅರ್ಥ ಒಂದೇ. ಜಗಲಿಯಲ್ಲಿ ಜಾಗ ಸಾಲದೆ ಯಾರೋ ಬೇಲಿಯೊಳಗೆ ಬಿಟ್ಟು ಹೋಗಿದ್ದಾರೆ.

ಹಾಗೆ ಬಂದದ್ದಕ್ಕೆಲ್ಲ ಕೃತಜ್ಞತೆಯ ಕಾರ್ಡು ಬರೆಯಬೇಕು. ಅದು ಅಲ್ಲಿಯ ಇನ್ನೊಂದು ಕಟ್ಟಳೆ. ಟ್ರೀನಾ ಎಲ್ಲರಿಗೂ ಬರೆದಳು. ಹೇಸರಗತ್ತೆಗೆ ಯಾರಿಗೆ ಬರೆಯುವುದು? ನೇರವಾಗಿ ಕೇಳುವಂತಿಲ್ಲ. ಜೆಲ್ಲೊ ತಂದವಳ ಹತ್ತಿರ ಹೋಗಿ "ಹೇಸರಗತ್ತೆ ತಂದವರು ನೀವಾ?" ಎಂದರೆ, "ನೀವು ಯಾಕೆ ಬರೀ ಜೆಲ್ಲೊ ತಂದಿರಿ?" ಎಂದು ಕೇಳಿದ ಹಾಗೇ. ಆದ್ದರಿಂದ ಅವಳು ಸುತ್ತುಬಳಸಿ ಕೇಳಬೇಕೆಂದು ಪಕ್ಕದ ಹೊಲದ ಮನೆಯ ಒಪಲ್ ಬಳಿಗೆ ಹೋದಳು. ಒಪಲ್‌ಗೆ ಅರವತ್ತೆಂಟು. ದಯಾಮಯಿ. ಅವಳ ದಯೆ ಫೋನಿನ ಮೂಲಕ ಹರಿಯುತ್ತಿತ್ತು.

"ಒಪಲ್, ಅವತ್ತು ಯಾರಾದ್ರೂ ಸ್ವಲ್ಪ ದೊಡ್ಡದಾಗಿ ಏನಾದ್ರೂ ತಂದಿದ್ದು ನೋಡಿದ್ರಾ?"

"ದೊಡ್ಡದು ಅಂದ್ರೆ ಏನು ಮಗಳೇ? ಹಂದಿತೊಡೆಯಾ?"

"ಅದಕ್ಕಿಂತ ದೊಡ್ಡದು."

"ಇಡೀ ಹಂದಿ?"

"ಇನ್ನೂ ದೊಡ್ಡದು. ಜೀವ ಇರೋದು."

ಒಪಲ್ ಎದ್ದು ಕಿಟಕಿಯ ಬಳಿ ಹೋದಳು. ಎರಡು ಕುದುರೆಗಳ ನಡುವೆ ಎರಡು ಉದ್ದ ಕಿವಿ ಅವಳಿಗೆ ಕಂಡವು. ಅವಳು ತಂದಿದ್ದು ಚೀಸು-ಆಲೂಗಡ್ಡೆ. ಅದೂ ಸ್ವಲ್ಪ ತಳ ಹಿಡಿದದ್ದು. ಅವಳು ಎದೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಗೆ ಕುಸಿದಳು.

ಮಧ್ಯಾಹ್ನದ ಹೊತ್ತಿಗೆ, ಟ್ರೀನಾಗೆ ಯಾರೋ ಹೇಸರಗತ್ತೆ ಕೊಟ್ಟರಂತೆ ಎಂಬ ಸುದ್ದಿ ಅಂಚೆಕಚೇರಿ ಮುಟ್ಟಿತು. ಧಾನ್ಯದ ಗೋದಾಮಿಗೆ ಬರುವಾಗ, ಅಡುಗೆ ತಿಂದರೆ ಮುಗಿಯಿತು, ಜೀವವಿರುವುದು ಮನೆಯಲ್ಲಿ ಓಡಾಡಿಕೊಂಡಿದ್ದರೆ ದುಃಖ ಮರೆಯುತ್ತದೆ ಎಂದು ಟ್ರೀನಾ ಅಂದಳಂತೆ ಎಂದು ಸೇರಿತು. ಸಂಜೆಗೆ, ಆಲೂಗಡ್ಡೆಯ ತಟ್ಟೆಗಳನ್ನು ಅವಳು ಮುಟ್ಟಿಯೂ ನೋಡಲಿಲ್ಲವಂತೆ ಎಂದಾಯಿತು.

ಮರುದಿನ ಜಗಲಿಯಲ್ಲಿ ಎರಡು ಬಾತುಕೋಳಿಗಳಿದ್ದವು, ಕಾಲಿಗೆ ರಿಬ್ಬನ್ನು ಕಟ್ಟಿಸಿಕೊಂಡು. ಅದರ ಮರುದಿನ ಲೂಥರನ್ ಚರ್ಚಿನ ಮಹಿಳಾ ಸಂಘದವರು ಒಂದು ಆಡು ಕೊಟ್ಟರು. ಕ್ಯಾಥೊಲಿಕ್ ಮಹಿಳಾ ಸಂಘದವರು ಸುಮ್ಮನಿರುತ್ತಾರೆಯೇ? ಎರಡು ಆಡು. ಕುದುರೆ ಮೇವಿನ ಅಂಗಡಿಯ ಹಾರ್ಲನ್ ಒಂದು ಕರು ಬಿಟ್ಟು ಹೋದ. ಒಪಲ್ ಖುದ್ದಾಗಿ ಒಂದು ಜೀವಂತ ಟರ್ಕಿ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಬಂದು, ತನ್ನ ಆಲೂಗಡ್ಡೆಯ ತಟ್ಟೆ ತೆಗೆದುಕೊಂಡು ಹೋದಳು.

ಟ್ರೀನಾ ಯಾವುದನ್ನೂ ಬೇಡವೆನ್ನಲಿಲ್ಲ. ಬೇಡವೆನ್ನಲು ಮಾತು ಬೇಕು. ಅವಳು ಎಲ್ಲಕ್ಕೂ ನೀರಿಟ್ಟು, ಎಲ್ಲರಿಗೂ ಕಾರ್ಡು ಬರೆದಳು. "ಆಡಿಗಾಗಿ ಧನ್ಯವಾದಗಳು. ಅದು ರಸ್‌ನ ಮಳೆಕೋಟನ್ನು ತಿಂದಿತು. ನಿಮ್ಮ ಪ್ರೀತಿ ಮರೆಯಲಾರೆ."

ಈ ಗದ್ದಲದ ನಡುವೆ ಎವಾಲ್ಡ್ ಥೀಸನ್ ಎಂಬ ಮುದುಕ ಮಾತ್ರ ಬರಿಗೈಯಲ್ಲಿ ಬಂದುಹೋಗುತ್ತಿದ್ದ. ಹೊಳೆಯಾಚೆ ಒಬ್ಬನೇ ಇರುವವನು. ಹೆಂಡತಿ ತೀರಿಕೊಂಡ ಮೇಲೆ ಹೊಳೆ ದಾಟುವುದೇ ಅಪರೂಪ. ಈಗ ದಿನ ಬಿಟ್ಟು ದಿನ ಬಂದು ಬೇಲಿಯ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಿದ್ದ.

"ಮೋಡ ಆಗಿದೆ," ಎನ್ನುತ್ತಿದ್ದ.

"ಹೌದು, ಮಿಸ್ಟರ್ ಥೀಸನ್."

"ಬರಲ್ಲ ಅನ್ಸುತ್ತೆ."

"ಬರಲ್ಲ."

ಆಮೇಲೆ ಬಹಳ ಹೊತ್ತು ಹೇಸರಗತ್ತೆಯನ್ನು ನೋಡಿ, "ಚೆನ್ನಾಗಿ ತಿಂತಿದೆಯಾ?" ಎನ್ನುತ್ತಿದ್ದ.

"ತಿಂತಿದೆ."

"ಒಳ್ಳೇದು. ಜೋಳ ಜಾಸ್ತಿ ಹಾಕ್ಬೇಡ." ಟೋಪಿ ಮುಟ್ಟಿಕೊಂಡು ಹೊರಟುಬಿಡುತ್ತಿದ್ದ.

ಪಾಪ, ಒಂಟಿ ಜೀವ, ಮಾತಿಗೆ ಜನ ಬೇಕು ಎಂದು ಟ್ರೀನಾ ತಿಳಿದಳು. ಒಪಲ್ ತಿಳಿದದ್ದೇ ಬೇರೆ.

"ಆ ಮುದುಕನ ಮೇಲೆ ಒಂದು ಕಣ್ಣಿಡು ಮಗಳೇ. ಎವಾಲ್ಡ್ ಸುಮ್ಮಸುಮ್ಮನೆ ಬೇಲಿ ಹಿಡ್ಕೊಂಡು ನಿಲ್ಲೋ ಪೈಕಿ ಅಲ್ಲ. ಏನೋ ಕೇಳೋಕೆ ಬರ್ತಾನೆ, ಕೇಳೋಕಾಗ್ದೆ ಹೋಗ್ತಾನೆ. ಗಂಡಸ್ರು ಹಾಗೆ ನಿಲ್ಲೋದು ಯಾವಾಗ ಅಂತ ನನಗೆ ಗೊತ್ತು."

"ಅವರಿಗೆ ಎಪ್ಪತ್ತು ದಾಟಿದೆ, ಒಪಲ್."

"ಅದಕ್ಕೇ ಆತುರ."

ಸೆಪ್ಟೆಂಬರ್ ಕೊನೆಗೆ ಪ್ಲಮ್ ಹಾಲೋ ಪಾರ್ಕಿನಲ್ಲಿ ಕುದುರೆ ಸಂಘದ ಕ್ಯಾಂಪು. ಹಿಮ ಬೀಳುವ ಮುಂಚಿನ ಕೊನೆಯ ಕ್ಯಾಂಪು ಅದು. ಸುತ್ತಲಿನ ಊರುಗಳ ಕುದುರೆಯವರೆಲ್ಲ ಟ್ರೇಲರುಗಳಲ್ಲಿ ಕುದುರೆ ಹೇರಿಕೊಂಡು ಬಂದು, ಕೆರೆಯ ಪಕ್ಕ ಡೇರೆ ಹಾಕಿ, ಹಗಲೆಲ್ಲ ಹುಲ್ಲುಗುಡ್ಡಗಳ ಮೇಲೆ ಸವಾರಿ ಮಾಡಿ, ಸಂಜೆ ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿ ತಿನ್ನುತ್ತಾರೆ. ರಸ್ ಒಂದು ವರ್ಷವೂ ತಪ್ಪಿಸಿದವನಲ್ಲ. ಟ್ರೀನಾ ಒಂದು ವರ್ಷವೂ ಹೋದವಳಲ್ಲ. ಈ ಸಲದ ಸವಾರಿ ರಸ್‌ನ ನೆನಪಿಗೆಂದು ಸಂಘ ತೀರ್ಮಾನಿಸಿ, ಅವಳನ್ನು ಕರೆಯಿತು.

ಹೋಗುತ್ತೇನೆಂದು ಟ್ರೀನಾ ಒಪ್ಪಿದ್ದು ಎಲ್ಲರಿಗೂ ಆಶ್ಚರ್ಯ. ಅವಳ ಲೆಕ್ಕ ಬೇರೆ ಇತ್ತು. ಹೇಸರಗತ್ತೆ ಕೊಟ್ಟವರು ಕುದುರೆಯವರೇ ಆಗಿರಬೇಕು. ಕುದುರೆಯವರೆಲ್ಲ ಅಲ್ಲಿರುತ್ತಾರೆ. ತಾನು ಅದನ್ನು ಎದುರಿಗೆ ಕಟ್ಟಿಕೊಂಡು ಕೂತರೆ ಕೊಟ್ಟವರ ಮುಖ ತಾನಾಗಿಯೇ ಗೊತ್ತಾಗುತ್ತದೆ. ಆಗ ಧನ್ಯವಾದ ಹೇಳಿ, ನನ್ನಿಂದ ಸಾಕಲಾಗುವುದಿಲ್ಲ, ದಯವಿಟ್ಟು ತೆಗೆದುಕೊಂಡು ಹೋಗಿ ಎಂದುಬಿಡಬಹುದು. ಅಲ್ಲಿಗೆ ರಸ್‌ನ ಸಾವಿಗೆ ಸಂಬಂಧಿಸಿದ ಕೊನೆಯ ಕೆಲಸ ಮುಗಿಯಿತು. ಅಷ್ಟು ಮುಗಿದರೆ ಬಾಗಿಲು ಹಾಕಿಕೊಂಡು ಕೂರಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಟ್ರೇಲರ್ ಓಡಿಸಲು ಮಿಲೋ ಬಂದ. ರಸ್‌ನ ಜಾಗದಲ್ಲಿ ಇನ್ನು ಮುಂದೆ ಕುದುರೆ ವಿಷಯಕ್ಕೆ ತಾನೇ ಎಂದು ಅವನು ಪೆಟ್ರೋಲ್ ಬಂಕಿನಲ್ಲಿ ಆಗಲೇ ಘೋಷಿಸಿದ್ದ.

ಪಾರ್ಕಿನ ಮೇಲ್ವಿಚಾರಕ ಲಾಯಲ್ ಸ್ಟಾಂಗ್. ಅವನಿಗೆ ಮರಗಳ ಮೇಲೆ ಪ್ರೀತಿ, ಹುಲ್ಲಿನ ಮೇಲೆ ಪ್ರೀತಿ. ಪಾರ್ಕಿಗೆ ಜನ ಬರುವುದೊಂದೇ ಅವನಿಗೆ ಸಂಕಟ. ಗೇಟಿನಲ್ಲೇ ತಡೆದ.

"ಪ್ರಾಣಿನ ಮರದ ಬುಡಕ್ಕೆ ಕಟ್ಟೋ ಹಾಗಿಲ್ಲ. ಎರಡು ಮರದ ಮಧ್ಯೆ ತಲೆ ಮೇಲೆ ಉದ್ದ ಹಗ್ಗ ಎಳೆದಿದೆ, ಎಲ್ಲಾ ಅದಕ್ಕೇ ಕಟ್ಟಬೇಕು. ಲದ್ದಿ ನಿಮ್ದು ನೀವೇ ಎತ್ತಬೇಕು. ಯಾವ ಪ್ರಾಣಿ ಕಿತ್ಕೊಂಡು ಹಾವಳಿ ಮಾಡುತ್ತೋ ಅದರ ಮಾಲೀಕರು ಆ ಕ್ಷಣವೇ ಹೊರಗೆ. ಮುಂದಿನ ವರ್ಷವೂ ಬರಂಗಿಲ್ಲ. ಬೋರ್ಡ್ ಹಾಕಿದೀನಿ, ಓದ್ಕೊಳಿ."

"ನನಗೇ ಹೇಳ್ತೀರಾ?" ಎಂದ ಮಿಲೋ, ಬೆಲ್ಟಿನ ಬಿಲ್ಲೆ ಮುಟ್ಟಿಕೊಂಡು. "ಆ ಹಗ್ಗ ನೋಡಿ, ಎಷ್ಟು ಸಡಿಲ ಇದೆ. ಕಟ್ಟಿದೋನಿಗೆ ಕುದುರೆ ಗೊತ್ತಿಲ್ಲ." ಹಾಗೆಂದವನು ಲಾಯಲ್ ಅತ್ತ ಹೋದದ್ದೇ ಸಂಘದವರು ಕಟ್ಟಿದ್ದ ಗಂಟನ್ನು ಬಿಚ್ಚಿ, ಹಗ್ಗ ಬಿಗಿದು, ತನ್ನದೇ ಆದ ಒಂದು ಗಂಟು ಹಾಕಿದ. ಆ ಗಂಟು ಆವರೆಗೆ ಜಗತ್ತಿನಲ್ಲಿ ಇರಲಿಲ್ಲ. ಆಮೇಲೂ ಇರಲಿಲ್ಲ.

ಹೇಸರಗತ್ತೆಯನ್ನು ಕಟ್ಟಿದ ಕೂಡಲೇ ಕ್ಯಾಂಪಿನವರೆಲ್ಲ ದರ್ಶನಕ್ಕೆ ಬಂದರು. ಟ್ರೀನಾ ಮಡಚುವ ಕುರ್ಚಿಯಲ್ಲಿ ಕುಳಿತು ಒಬ್ಬೊಬ್ಬರ ಮುಖವನ್ನೂ ಗಮನಿಸಿದಳು.

"ಕೊಟ್ಟೋರದು ದೊಡ್ಡ ಮನಸ್ಸು ಬಿಡು," ಎಂದಳು ಒಪಲ್. ಅವಳಿಗೆ ಕುದುರೆಯಿಲ್ಲ, ಆದರೆ ಒಂದು ಮೇಜಿನ ತುಂಬ ಅಡುಗೆಯೊಂದಿಗೆ ಬಂದಿದ್ದಳು. "ಯಾರು ಅಂತ ಗೊತ್ತಾಯ್ತಾ?"

"ಕೊಟ್ಟೋರು ಹೇಳ್ಕೋಬಾರ್ದು ಒಪಲ್," ಎಂದ ಹಾರ್ಲನ್, ನೆಲ ನೋಡುತ್ತ.

ಟ್ರೀನಾ ಅವನನ್ನು ದಿಟ್ಟಿಸಿದಳು. "ನೀವಾ ಹಾರ್ಲನ್?"

"ಅಯ್ಯೋ, ನಾನು ಅಂತ ಎಲ್ಲಿ ಅಂದೆ?" ಎಂದು ಹಾರ್ಲನ್ ಕೆಂಪಗಾದ. "ನಾನಲ್ಲ ಅಂತಾನೂ ಅನ್ನಲ್ಲ. ಈ ಮಾತು ಬೇಡ ಬಿಡಮ್ಮ."

ಹೀಗೇ ಎಲ್ಲರೂ. ಅನುಮಾನ ತಮ್ಮ ಮೇಲೆ ಬಂದರೆ ಒಬ್ಬರೂ ಬೇಡವೆನ್ನಲಿಲ್ಲ. ಕೊಡದ ದಾನದ ಪುಣ್ಯವನ್ನು ಕ್ಯಾಂಪಿಗೆ ಕ್ಯಾಂಪೇ ಹಂಚಿಕೊಂಡಿತು.

ಎವಾಲ್ಡ್ ಮಾತ್ರ ದೂರ ಕೆರೆದಂಡೆಯಲ್ಲಿ ತನ್ನ ಹಳೆಯ ಟ್ರೇಲರ್ ಪಕ್ಕ ಕಾಫಿ ಕಾಯಿಸುತ್ತ ಕೂತಿದ್ದ. ಅವನ ಜೊತೆ ಬಂದದ್ದು ಕತ್ತಿಗೆ ಗಂಟೆ ಕಟ್ಟಿದ ಒಂದು ಬಿಳಿ ಹೆಣ್ಣು ಕುದುರೆ. ಅದಕ್ಕೂ ವಯಸ್ಸಾಗಿ ಯಾರನ್ನೂ ಹೊರುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಅವನು ಕಟ್ಟಿರಲೂ ಇಲ್ಲ, ಪುಟ್ಟ ಆವರಣವೊಂದನ್ನು ಹೂಡಿ ಒಳಗೆ ಬಿಟ್ಟಿದ್ದ.

"ಸವಾರಿಗೆ ಬರಲ್ವಾ ಎವಾಲ್ಡ್?" ಎಂದು ಯಾರೋ ಕೂಗಿದರು.

"ಮಂಡಿ ನೋವು. ಎತ್ತರದ ಕುದುರೆ ಹತ್ತಕ್ಕಾಗಲ್ಲ. ಕಾಫಿ ಮಾಡ್ತೀನಿ, ಹೋಗ್ಬನ್ನಿ."

ಮಧ್ಯಾಹ್ನ ಊಟಕ್ಕೆಂದು ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತಿದ್ದಾಗ ಬಿಳಿ ಕುದುರೆ ನೊಣ ಓಡಿಸಲು ಕತ್ತು ಕೊಡವಿತು. ಗಂಟೆ ಟಿಣ್ ಎಂದಿತು.

ಹೇಸರಗತ್ತೆಯ ಎರಡು ಕಿವಿಗಳೂ ಎದ್ದು ನಿಂತವು. ಒಂದು ಸಲ ಅರಚಿತು. ಅದು ಕುದುರೆಯ ಕೆನೆತದಲ್ಲಿ ಆರಂಭವಾಗಿ, ತುಕ್ಕು ಹಿಡಿದ ಪಂಪಿನಲ್ಲಿ ಮುಗಿಯುವ ಸದ್ದು. ಆಮೇಲೆ ನಡೆಯತೊಡಗಿತು. ಓಡಲಿಲ್ಲ. ಅವಸರವೇ ಇಲ್ಲದೆ, ಬಸ್ಸಿಗಿನ್ನೂ ಹೊತ್ತಿದೆ ಎನ್ನುವವರ ನಡಿಗೆ. ಮಿಲೋನ ಗಂಟು ಅದನ್ನು ತಡೆಯುವ ಗೋಜಿಗೇ ಹೋಗಲಿಲ್ಲ. ಇಡೀ ಹಗ್ಗ ಕಳಚಿ ಬಂತು. ಹಗ್ಗಕ್ಕೆ ಕಟ್ಟಿದ್ದ ಎಲ್ಲ ಕುದುರೆಗಳೂ, ಏನೋ ಕಾರ್ಯಕ್ರಮವಿರಬೇಕೆಂದು ತಿಳಿದು, ಹಿಂದೆಯೇ ಹೊರಟವು. ಮೊದಲು ಹಾರ್ಲನ್‌ನ ಡೇರೆ ಮಲಗಿತು. ಆಮೇಲೆ ಒಪಲ್‌ಳ ಮೇಜು. ಆಲೂಗಡ್ಡೆ, ಜೆಲ್ಲೊ, ಕೊಲಾಚೆಗಳ ನಡುವೆ ಗೊರಸುಗಳು ಹಾದುಹೋದವು. "ನನ್ನ ತಟ್ಟೆ! ನನ್ನ ತಟ್ಟೆ!" ಎಂದು ಒಪಲ್ ಕೂಗಿದಳು. ಮಿಲೋ ಟೋಪಿ ಬೀಸುತ್ತ ಮೆರವಣಿಗೆಯ ಎದುರಿಗೆ ಹೋಗಿ ನಿಂತ. ಮರುಕ್ಷಣ ಟೋಪಿ ಅಲ್ಲೇ ಉಳಿಯಿತು, ಮಿಲೋ ಮರದ ಮೇಲಿದ್ದ.

ಹೇಸರಗತ್ತೆ ಕೆರೆದಂಡೆಗೆ ಬಂದು, ಆವರಣದ ಸರಳಿನ ಮೇಲಿಂದ ಬಿಳಿ ಕುದುರೆಯ ಬೆನ್ನಿಗೆ ಗದ್ದ ಊರಿ, ಕಣ್ಣು ಮುಚ್ಚಿ ನಿಂತಿತು.

ಲಾಯಲ್ ಸ್ಟಾಂಗ್ ಬಂದ. ಮುರಿದ ಕೊಂಬೆ ನೋಡಿದ. ತುಳಿದ ಹುಲ್ಲು ನೋಡಿದ.

"ಈ ಹೇಸರಗತ್ತೆ ಯಾರದು?"

ಮಾಲೀಕರು ಹೊರಗೆ ಹೋಗಬೇಕು. ಗಂಡನ ನೆನಪಿನ ಸವಾರಿಯ ದಿನವೇ ಹೆಂಡತಿಯನ್ನು ಹೊರಹಾಕಿಸುವುದೇ?

"ನಂದು," ಎಂದಳು ಟ್ರೀನಾ.

"ಅವಳದಲ್ಲ!" ಎಂದು ಒಪಲ್ ಜೆಲ್ಲೊ ಮೆತ್ತಿದ ಕೈಯೆತ್ತಿದಳು. "ನಂದು. ನನ್ನ ಹೊರಗೆ ಹಾಕು."

"ಒಪಲ್, ನಿನಗೆ ಬೆಕ್ಕು ಬಿಟ್ರೆ ಬೇರೆ ಪ್ರಾಣಿ ಇಲ್ಲ," ಎಂದ ಲಾಯಲ್.

"ನಿನ್ನೆ ತಗೊಂಡೆ. ನಿನಗೇನು?"

"ಸುಳ್ಳು ಹೇಳ್ತಾಳೆ ಸಾರ್, ಅದು ನಂದು," ಎಂದು ಮಲಗಿದ ಡೇರೆಯಡಿ ಸಾಮಾನು ಹುಡುಕುತ್ತಿದ್ದ ಹಾರ್ಲನ್ ತೆವಳಿಕೊಂಡು ಹೊರಬಂದ.

"ನಮ್ಮದು," ಎಂದರು ಲೂಥರನ್ ಸಂಘದವರು.

"ಅವರದ್ಯಾಕೆ, ನಮ್ಮದು," ಎಂದರು ಕ್ಯಾಥೊಲಿಕ್ ಸಂಘದವರು.

"ಎಲ್ಲಾ ಸುಮ್ನಿರಿ, ಅದು ನಂದು," ಎಂದು ಮರದ ಮೇಲಿಂದ ಕೇಳಿಸಿತು.

ಲಾಯಲ್ ತಲೆಯ ಮೇಲೆ ಕೈಯಿಟ್ಟುಕೊಂಡ. ತನ್ನ ನೌಕರಿಯಲ್ಲಿ ಅವನು ತಪ್ಪನ್ನು ಒಪ್ಪದವರನ್ನು ನೋಡಿದ್ದ. ಒಂದೇ ತಪ್ಪಿಗೆ ಇಷ್ಟು ಜನ ಜಗಳವಾಡುವುದನ್ನು ನೋಡಿರಲಿಲ್ಲ. "ಹಾಗಾದ್ರೆ ಎಲ್ಲರೂ ಹೊರಡಿ! ಎಲ್ಲರೂ!"

"ಎವಾಲ್ಡ್ ಒಬ್ಬ ಬಾಯಿ ಬಿಡ್ತಾನಾ ನೋಡು," ಎಂದು ಒಪಲ್ ಪಿಸುಗುಟ್ಟಿದಳು. ಅವಳ ಪಿಸುಮಾತು ಕೆರೆಯ ಆಚೆ ದಡಕ್ಕೂ ಕೇಳಿಸುತ್ತಿತ್ತು. "ಮೂಗಿನ ಕೆಳಗೇ ನಿಂತಿದೆ ಪ್ರಾಣಿ. ಒಂದು ಮಾತು, ನಂದು ಅಂದ್ರೆ ಗಂಟೇನು ಹೋಗುತ್ತೆ? ಕಲ್ಲು. ಕಲ್ಲು ಮನುಷ್ಯ."

ಎವಾಲ್ಡ್ ಕಾಫಿ ಪಾತ್ರೆಯನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಟ್ರೀನಾ ಅವನತ್ತ ನೋಡಿದಳು. ಆಮೇಲೆ ಅವನ ಬಿಳಿ ಕುದುರೆಯ ಬೆನ್ನಿನ ಮೇಲೆ ಗದ್ದವಿಟ್ಟು ನಿಂತ ಹೇಸರಗತ್ತೆಯತ್ತ ನೋಡಿದಳು. ಆ ಸೀಮೆಯಲ್ಲಿ ಹುಟ್ಟಿಬೆಳೆದವಳು ಅವಳು. ಅಲ್ಲಿ ತನ್ನದಲ್ಲದ್ದನ್ನು ತನ್ನದು ಎನ್ನುವುದು ಮರ್ಯಾದೆ. ಎಲ್ಲರೂ ಹಾಗನ್ನುವಾಗ ಒಬ್ಬ ಸುಮ್ಮನಿದ್ದಾನೆಂದರೆ, ಅವನು ಹಾಗನ್ನಲಾಗದಿರಲು ಒಂದೇ ಕಾರಣ ಸಾಧ್ಯ: ಅದು ನಿಜಕ್ಕೂ ಅವನದೇ.

ಅವಳು ಮರದ ಕೆಳಗೆ ಹೋಗಿ ನಿಂತಳು.

"ಮಿಲೋ, ಮಣ್ಣು ಮಾಡಿದ ದಿನ ಬಂತು ಅಂದ್ಯಲ್ಲ?"

ಎಲೆಗಳ ನಡುವೆ ಬೂಟುಗಳು ಅಲುಗಾಡಿದವು.

"ಗಾಡಿಯಿಂದ ಇಳಿದಿದ್ರೆ ಸರಿಯಾಗಿ ಹೇಳ್ತಿದ್ದೆ, ಟ್ರೀನಾ."

ಅವಳು ಕೆರೆದಂಡೆಗೆ ನಡೆದಳು. ಲಾಯಲ್ ಕೂಗುವುದನ್ನು ನಿಲ್ಲಿಸಿದ. ಎಲ್ಲರೂ ತಟ್ಟೆ ಹೆಕ್ಕುವ ನೆಪದಲ್ಲಿ ಹತ್ತಿರ ಸರಿದರು.

"ಇದು ನಿಮ್ಮದು, ಮಿಸ್ಟರ್ ಥೀಸನ್."

"ಮೋಡ ಆಗಿದೆ," ಎಂದ ಎವಾಲ್ಡ್. ಆಕಾಶ ಶುಭ್ರವಾಗಿತ್ತು.

"ನಿಮ್ಮದು ಅಲ್ವಾ?"

"ಆತುರ ಏನಿಲ್ಲಮ್ಮ. ಬೇಕಾದಷ್ಟು ದಿನ ಇಟ್ಕೋ."

"ರಸ್ ತಂದಿದ್ದಾ?"

ಎವಾಲ್ಡ್ ಟೋಪಿ ತೆಗೆದ. "ಈ ಬೇಸಗೇಲಿ ಮಿಸ್ಸೂರಿಯಿಂದ ಕೊಂಡ್ಕೊಂಡೆ. ರಸ್ಸೇ ತನ್ನ ಟ್ರೇಲರ್‌ನಲ್ಲಿ ಹೇರ್ಕೊಂಡು ಬಂದು ಇಳಿಸಿದ. ನಾವಿಬ್ರು ಬಿಟ್ರೆ ಯಾರೂ ನೋಡಿರಲಿಲ್ಲ. ನನ್ನ ಮಂಡಿಗೆ ಇದೇ ಸರಿ, ಹತ್ತೋವರೆಗೂ ಕದಲಲ್ಲ. ಬಂದ ದಿನದಿಂದ ಈ ಬಿಳಿ ಕುದುರೆ ಗಂಟೆ ಹಿಂದೇನೇ ಸುತ್ತೋದು. ಆಮೇಲೆ ಒಂದಿನ ಸಂಜೆ ಬಂದ. ಎವಾಲ್ಡ್, ಒಂದು ಶನಿವಾರ ಭಾನುವಾರದ ಮಟ್ಟಿಗೆ ಎರವಲು ಕೊಡು ಅಂದ. ತಗೊಂಡು ಹೋದ. ಮಾರನೇ ದಿನ ಬೆಳಿಗ್ಗೆ..."

"ಹೌದು," ಎಂದಳು ಟ್ರೀನಾ. ಆ ಸಂಜೆ ಅವಳು ಕಾಲೇಜಿನ ಊರಿನಲ್ಲೇ ಉಳಿದಿದ್ದಳು. ಮಾರನೇ ಬೆಳಿಗ್ಗೆ ರಸ್ ಗೋದಾಮಿನ ಮುಂದೆ ಕುಸಿದು ಬಿದ್ದಿದ್ದ. "ನೀವು ಯಾಕೆ ಕೇಳಲಿಲ್ಲ?"

"ಹೇಗೆ ಕೇಳ್ಲಿ? ಗಂಡನ್ನ ಮಣ್ಣು ಮಾಡಿ ಬಂದವಳ ಹತ್ರ ನನ್ನ ಹೇಸರಗತ್ತೆ ಕೊಡು ಅನ್ಲಾ? ಒಂದು ವಾರ ಬಿಟ್ಟು ಕೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಕೊಟ್ಟ ಅಂತ ಊರೆಲ್ಲ ಹಾಡಿ ಹೊಗಳೋಕೆ ಶುರುಮಾಡ್ತು. ಕೊಟ್ಟ ಪುಣ್ಯಾತ್ಮನೇ ಹೋಗಿ ವಾಪಸ್ ಕೇಳೋದಾ?"

ಹಿಂದೆ ಒಪಲ್ ಹಾರ್ಲನ್‌ನ ತೋಳು ಹಿಡಿದುಕೊಂಡಳು. "ಹಾಗಾದ್ರೆ ಹೇಸರಗತ್ತೆ ಯಾರೂ ಕೊಟ್ಟೇ ಇಲ್ಲ?"

"ಇಲ್ಲ ಅನ್ಸುತ್ತೆ," ಎಂದ ಅವನು.

"ಮತ್ತೆ ನನ್ನ ಟರ್ಕಿ?"

"ನನ್ನ ಕರು?" ಎಂದ ಹಾರ್ಲನ್, ತನಗರಿವಿಲ್ಲದೆ.

"ಥೂ, ಸುಮ್ನಿರು," ಎಂದು ಒಪಲ್ ಅವನ ಪಕ್ಕೆಗೆ ತಿವಿದಳು.

ಟ್ರೀನಾ ಅತ್ತ ತಿರುಗಲಿಲ್ಲ. "ರಸ್‌ಗೆ ಎರಡು ಕುದುರೆ ಇದ್ವಲ್ಲ. ಇದು ಯಾಕೆ ಬೇಕಿತ್ತು?"

"ಅವನಿಗಲ್ಲ. ನಿನಗೆ." ಎವಾಲ್ಡ್ ಟೋಪಿಯನ್ನು ಕೈಯಲ್ಲಿ ಸುತ್ತಿಸಿದ. "ಈ ಸಲ ಹೆಂಡ್ತಿನ ಕ್ಯಾಂಪಿಗೆ ಕರೀತೀನಿ, ಅವಳಿಗೆ ಕುದುರೆ ಅಂದ್ರೆ ಭಯ, ಮೊದ್ಲು ಮನೆ ಹತ್ರ ಇದರ ಮೇಲೆ ಕೂರಿಸಿ ನೋಡ್ತೀನಿ ಅಂದ."

"ನಾನು ಬರ್ತಿರಲಿಲ್ಲ."

"ನಾನೂ ಅದೇ ಅಂದೆ. ಅವಳು ಬರಲ್ಲ ಕಣಯ್ಯಾ ಅಂದೆ."

"ಅದಕ್ಕೇನಂದ?"

"ಬರಲ್ಲ, ಗೊತ್ತು. ಆದ್ರೆ ಹೇಸರಗತ್ತೆ ಮನೇಲಿದ್ರೆ ಕೇಳೋಕೆ ಒಂದು ನೆಪ ಆಗುತ್ತೆ ಅಂದ."

ಕೆರೆಯಲ್ಲಿ ಯಾವುದೋ ಮೀನು ನೆಗೆದು ಬಿತ್ತು. ಒಪಲ್ ಮೂಗೊರೆಸಲು ಮೇಜುಬಟ್ಟೆಯನ್ನೆತ್ತಿಕೊಂಡಳು. ಅದರಲ್ಲಿದ್ದ ಜೆಲ್ಲೊ ಅವಳ ಮುಖಕ್ಕೆ ಹತ್ತಿತು. ಯಾರೂ ನಗಲಿಲ್ಲ.

"ಜೀನು ಇದೆಯಾ?" ಎಂದು ಟ್ರೀನಾ ಕೇಳಿದಳು.

"ಇದೆ. ಯಾಕಮ್ಮ?"

"ಎರವಲು ತಂದಿದ್ದನ್ನ ಬಳಸದೇ ವಾಪಸ್ ಕೊಡೋದು ಸರಿಯಲ್ಲ. ನಮ್ಮ ಟ್ರೇಲರ್‌ನಿಂದ ಇಲ್ಲಿಗೆ ಹತ್ಕೊಂಡು ಬರ್ತೀನಿ."

ಹೇಸರಗತ್ತೆಯನ್ನು ಬಿಳಿ ಕುದುರೆಯಿಂದ ಬಿಡಿಸಿ ಕ್ಯಾಂಪಿನ ಆ ತುದಿಗೆ, ರಸ್‌ನ ಟ್ರೇಲರ್ ಬಳಿಗೆ ಒಯ್ಯಲು ನಾಲ್ಕು ಗಂಡಸರು ಮತ್ತು ಒಂದು ಚೀಲ ಕ್ಯಾರೆಟ್ ಬೇಕಾದವು. ಎವಾಲ್ಡ್ ಜೀನು ಬಿಗಿದ. ಎಡಗಡೆಯಿಂದ ಹತ್ತಬೇಕು ಎಂದ. ಟ್ರೀನಾ ಎಡಗಾಲನ್ನು ಜೀನಿನಿಂದ ತೂಗುವ ರಿಕಾಪಿಗಿಟ್ಟಳು, ತೆಗೆದಳು, ಮತ್ತೆ ಇಟ್ಟಳು. ಮೊದಲ ಸಲ ಅರ್ಧಕ್ಕೆ ಜಾರಿದಳು. ಎರಡನೆಯ ಸಲ ಹೊಟ್ಟೆಯ ಮೇಲೆ ಅಡ್ಡ ಮಲಗಿ ಸಿಕ್ಕಿಕೊಂಡಳು. ಹಿಂದಿನಿಂದ ಎರಡೂ ಮಹಿಳಾ ಸಂಘದವರು, ಇತಿಹಾಸದಲ್ಲಿ ಮೊದಲ ಬಾರಿಗೆ ಒಟ್ಟಾಗಿ, ಅವಳನ್ನು ಮೇಲೆ ತಳ್ಳಿದರು. ಇಷ್ಟೆಲ್ಲ ಆಗುವವರೆಗೂ ಹೇಸರಗತ್ತೆ ಒಂದು ಗೊರಸನ್ನೂ ಕದಲಿಸಲಿಲ್ಲ.

ಲಾಯಲ್ ಸ್ಟಾಂಗ್ ಬೆನ್ನು ತಿರುಗಿಸಿ, ತಾನೇ ಬರೆದು ಮೊಳೆ ಹೊಡೆದಿದ್ದ ಬೋರ್ಡನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

"ಈಗ ಏನು ಮಾಡ್ಬೇಕು?" ಎಂದು ಟ್ರೀನಾ ಮೇಲಿಂದ ಕೇಳಿದಳು.

"ಏನೂ ಮಾಡ್ಬೇಡ," ಎಂದು ಎವಾಲ್ಡ್ ಕುಂಟುತ್ತ ತನ್ನ ಟ್ರೇಲರ್ ಕಡೆ ಹೊರಟ. "ಅದಕ್ಕೆ ದಾರಿ ಗೊತ್ತು."

ಲಗಾಮು ಟ್ರೀನಾಳ ಕೈಯಲ್ಲಿತ್ತು, ತೀರ್ಮಾನ ಹೇಸರಗತ್ತೆಯದಾಗಿತ್ತು. ಮಲಗಿದ ಡೇರೆಯನ್ನು ಅದು ಬಳಸಿಕೊಂಡು ಹೋಯಿತು. ಚೆಲ್ಲಿದ ಆಲೂಗಡ್ಡೆಯ ಬಳಿ ನಿಂತು ಮೂಸಿ, ತಳ ಹಿಡಿದಿದೆ ಎಂದುಕೊಂಡು ಮುಂದೆ ಹೋಯಿತು. ಜನ ಟೋಪಿ ತೆಗೆದು ಇಬ್ಬದಿಗೆ ಸರಿದು ನಿಂತರು. ಮರದಿಂದ ಇಳಿದಿದ್ದ ಮಿಲೋಗೆ ತೆಗೆಯಲು ಟೋಪಿಯಿರಲಿಲ್ಲ. ಅವನು ಬೆಲ್ಟಿನ ಬಿಲ್ಲೆಯ ಮೇಲೆ ಎರಡೂ ಕೈ ಮುಚ್ಚಿಕೊಂಡು ನಿಂತ. ಮೇಲಿಂದ ಟ್ರೀನಾಗೆ ಕೆರೆಯಾಚೆಯ ಹುಲ್ಲುಗುಡ್ಡಗಳು, ಅವುಗಳ ಮೇಲೆ ಸಂಘದವರು ಪ್ರತಿ ವರ್ಷ ಸವಾರಿ ಹೋಗುವ ಸಣ್ಣ ದಾರಿ ಕಂಡವು. ಅಷ್ಟು ದೂರ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಬಿಳಿ ಕುದುರೆಯ ಬಳಿ ಹೇಸರಗತ್ತೆ ನಿಂತಿತು. ಟ್ರೀನಾ ಇಳಿದಳು, ಹತ್ತಿದ್ದಕ್ಕಿಂತ ಚೆನ್ನಾಗಿಯೇ ಇಳಿದಳು. ಲಗಾಮನ್ನು ಎವಾಲ್ಡ್‌ಗೆ ಚಾಚಿದಳು.

"ರಸ್ ನಿಮ್ಮ ಹತ್ರ ತಗೊಂಡಿದ್ದು," ಎಂದಳು. "ಉಪಯೋಗಕ್ಕೆ ಬಂತು."

ಎವಾಲ್ಡ್ ಈ ಸಲ ಆತುರವಿಲ್ಲ ಎನ್ನಲಿಲ್ಲ. ಲಗಾಮು ತೆಗೆದುಕೊಂಡ.